ಡಿಎಡಬ್ಲ್ಯೂ ಬದಲಿಸುವ ಮುನ್ನ: ಚಟಪಟ, ವಿಳಂಬ, ಮೌನಗಳ ಮೂಲ ಹುಡುಕುವ ಕೈಪಿಡಿ

ಹಾಡಿನ ನಡುವೆ ‘ಚಟ್’ ಎಂದು ಒಂದು ಸದ್ದು. ಹಿಂದೆ ಹೋಗಿ ಅದೇ ಸಾಲನ್ನು ಮತ್ತೆ ಕೇಳಿದರೆ ಏನೂ ಇಲ್ಲ. ಉಸಿರು ಬಿಡುವಷ್ಟರಲ್ಲಿ ಮುಂದಿನ ಚರಣದಲ್ಲಿ ಎರಡು ಸಲ ಚಟ್, ಚಟ್. ಈ ಪೀಡೆ ಮೊದಲ ಸಲ ಅಂಟಿಕೊಂಡಾಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ: ಹಾಡು ರೆಕಾರ್ಡ್ ಮಾಡುವ ತಂತ್ರಾಂಶವೇ ಸರಿಯಿಲ್ಲ ಎಂದು ತೀರ್ಮಾನಿಸಿ ಇನ್ನೊಂದನ್ನು ಹಾಕಿಕೊಂಡೆ. ಇಪ್ಪತ್ತೆರಡು ಟ್ರ್ಯಾಕ್‌ಗಳನ್ನು ಒಂದೊಂದಾಗಿ ಸಾಗಿಸಿದೆ. ಅಲ್ಲಿಯೂ ಚಟ್. ಮೂರನೆಯದನ್ನೂ ಹಾಕಿ ನೋಡಿದೆ. ನಾಲ್ಕನೆಯ ದಿನ ಮೇಜು ಒರೆಸಲೆಂದು ಕೇಬಲ್‌ಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸುವಾಗ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಆಡಿಯೋ ಇಂಟರ್‌ಫೇಸ್‌ನ ಕೇಬಲ್ ಯುಎಸ್‌ಬಿ ಹಬ್‌ನ ಬದಲು ನೇರವಾಗಿ ಕಂಪ್ಯೂಟರಿಗೆ ಹೋಯಿತು. ಚಟ್ ಅಲ್ಲಿಗೆ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಮೂರು ಎಮ್ಮೆಗಳಿಗೆ ಎಳೆದಿದ್ದೆ.

ಹಾಡನ್ನು ರೆಕಾರ್ಡ್ ಮಾಡಿ, ತಿದ್ದಿ, ಬೆರೆಸುವ ಇಂಥ ತಂತ್ರಾಂಶಕ್ಕೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್, ಚಿಕ್ಕದಾಗಿ ಡಿಎಡಬ್ಲ್ಯೂ, ಎಂದು ಹೆಸರು. ಅವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಲ್ಲಿ ಅನೇಕರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆಯೇ: ಈಗಿರುವುದು ಏಕೆ ಕೈಕೊಡುತ್ತಿದೆ? ಅದಕ್ಕೆ ಉತ್ತರ ಸಿಕ್ಕ ಮೇಲೆ ಮೊದಲ ಪ್ರಶ್ನೆ ಎಷ್ಟೋ ಸಲ ಉಳಿಯುವುದೇ ಇಲ್ಲ. ಆದ್ದರಿಂದ ಈ ಕೈಪಿಡಿಯಲ್ಲಿ ದೋಷ ಪತ್ತೆ ಮೊದಲು, ಆಯ್ಕೆಯ ಮಾತು ಕೊನೆಗೆ.

ಕೈ ಹಾಕುವ ಮೊದಲು

ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಪರೀಕ್ಷೆಯೆಲ್ಲ ಆ ಪ್ರತಿಯ ಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಬದಲಿಸಿದಿರಿ, ಏನಾಯಿತು ಎಂದು ಕಾಗದದ ಮೇಲೆ ಬರೆಯಿರಿ. ಡ್ರೈವರ್ (ಇಂಟರ್‌ಫೇಸ್ ಜೊತೆ ಕಂಪ್ಯೂಟರ್ ಮಾತಾಡಲು ಬೇಕಾದ ತಂತ್ರಾಂಶ) ನವೀಕರಿಸಿ, ಬಫರ್ (ಇದರ ವಿವರ ಮುಂದಿದೆ) ಏರಿಸಿ, ಕೇಬಲ್ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಮಾಡಿದರೆ ದೋಷ ಹೋಗಬಹುದು. ಆದರೆ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಮತ್ತೆ ಬಂದಾಗ ನೀವು ನಿಂತಲ್ಲೇ ನಿಂತಿರುತ್ತೀರಿ.

ಧ್ವನಿ ಸಾಗುವ ದಾರಿಯನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮೈಕ್, ಕೇಬಲ್, ಇಂಟರ್‌ಫೇಸ್‌ನ ಸದ್ದು ಹಿಗ್ಗಿಸುವ ಪ್ರೀಆಂಪ್, ಅಲ್ಲಿಂದ ಧ್ವನಿಯನ್ನು ಅಂಕಿಗಳಾಗಿಸುವ ಪರಿವರ್ತಕ, ಯುಎಸ್‌ಬಿ, ಡ್ರೈವರ್, ಆಮೇಲೆ ಡಿಎಡಬ್ಲ್ಯೂ, ಅದರೊಳಗೆ ಧ್ವನಿಯನ್ನು ತಿದ್ದುವ ಅಥವಾ ವಾದ್ಯವಾಗಿ ನುಡಿಯುವ ಪುಟ್ಟ ತಂತ್ರಾಂಶಗಳಾದ ಪ್ಲಗಿನ್‌ಗಳು. ನಂತರ ಅದೇ ದಾರಿಯಲ್ಲಿ ಹಿಂದಕ್ಕೆ ಹೆಡ್‌ಫೋನ್‌ವರೆಗೆ. ಡಿಎಡಬ್ಲ್ಯೂ ಈ ಸಾಲಿನ ನಡುವಿನ ಒಂದು ಕೊಂಡಿ. ಪರದೆಯ ಮೇಲೆ ಕಾಣುವುದು ಅದೊಂದೇ ಆದ್ದರಿಂದ ಬೈಗುಳವೆಲ್ಲ ಅದಕ್ಕೆ.

ದಾರಿಯನ್ನು ಇಬ್ಭಾಗ ಮಾಡಲು ಮೂರು ಪ್ರಶ್ನೆಗಳು ಸಾಕು. ಖಾಲಿ ಪ್ರಾಜೆಕ್ಟ್‌ನಲ್ಲಿ ಒಂದೇ ಫೈಲ್ ನುಡಿಸಿದರೂ ದೋಷ ಇದೆಯೇ? ಇದ್ದರೆ ಪ್ಲಗಿನ್‌ಗಳು ನಿರಪರಾಧಿಗಳು. ಅದೇ ಇಂಟರ್‌ಫೇಸ್‌ನಲ್ಲಿ ಬೇರೊಂದು ಪ್ಲೇಯರ್‌ನಿಂದ ನುಡಿಸಿದರೂ ಇದೆಯೇ? ಇದ್ದರೆ ಡಿಎಡಬ್ಲ್ಯೂ ಕೂಡ ನಿರಪರಾಧಿ. ಹಾಡನ್ನು ಫೈಲಾಗಿ ರೆಂಡರ್ ಮಾಡಿ, ಅಂದರೆ ಎಲ್ಲ ಟ್ರ್ಯಾಕ್‌ಗಳನ್ನೂ ಬೆರೆಸಿ ಹೊರತೆಗೆದು, ಫೋನಿನಲ್ಲಿ ಕೇಳಿದರೂ ಇದೆಯೇ? ಈ ಮೂರನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು; ಏಕೆಂದು ಮುಂದೆ ಹೇಳುತ್ತೇನೆ.

ಚಟಪಟ ಸದ್ದು

ಮೊದಲು ಒಂದೇ ಸಂಗತಿ ಗಮನಿಸಿ: ಸದ್ದು ಪ್ರತಿ ಸಲವೂ ಅದೇ ಜಾಗದಲ್ಲಿ ಬರುತ್ತದೆಯೇ, ಜಾಗ ಬದಲಿಸುತ್ತದೆಯೇ? ಅದೇ ಜಾಗದಲ್ಲಿ ಬಂದು ರೆಂಡರ್ ಮಾಡಿದ ಫೈಲಿನಲ್ಲಿಯೂ ಅಲ್ಲೇ ಇದ್ದರೆ, ಅದು ಹಾಡಿನ ಒಳಗೇ ಕುಳಿತಿದೆ. ಜಾಗ ಬದಲಿಸುತ್ತಾ ಹೋಗಿ, ರೆಂಡರ್ ಮಾಡಿದ ಫೈಲ್ ನಿರ್ಮಲವಾಗಿದ್ದರೆ, ಕಂಪ್ಯೂಟರ್ ಆ ಕ್ಷಣದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುತ್ತಿಲ್ಲ. ರೆಂಡರ್ ಮಾಡುವಾಗ ಅವಸರವಿಲ್ಲ. ಒಂದು ಸೆಕೆಂಡಿನ ಧ್ವನಿಗೆ ಎರಡು ಸೆಕೆಂಡ್ ಬೇಕಾದರೂ ಕಂಪ್ಯೂಟರ್ ತೆಗೆದುಕೊಳ್ಳುತ್ತದೆ, ಒಂದು ಸ್ಯಾಂಪಲ್ಲೂ (ಧ್ವನಿಯನ್ನು ಕ್ಷಣಕ್ಷಣಕ್ಕೆ ಅಳೆದ ಒಂದೊಂದು ಅಂಕಿಯೇ ಸ್ಯಾಂಪಲ್) ತಪ್ಪುವುದಿಲ್ಲ. ಎರಡು ಬೇರೆ ಬೇರೆ ರೋಗಗಳು ಇಲ್ಲಿಯೇ ಕವಲೊಡೆಯುತ್ತವೆ.

ಹಾಡಿನೊಳಗೆ ಕುಳಿತ ಸದ್ದನ್ನು ಕಣ್ಣಿನಿಂದ ಹಿಡಿಯಬಹುದು. ಆ ಜಾಗಕ್ಕೆ ಹೋಗಿ, ಅಲೆಯ ಚಿತ್ರವನ್ನು ಒಂದೊಂದು ಸ್ಯಾಂಪಲ್ ಚುಕ್ಕೆಯಾಗಿ ಕಾಣುವವರೆಗೆ ಹಿಗ್ಗಿಸಿ. ಅಲೆಯ ನೆತ್ತಿ ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿದ್ದರೆ ರೆಕಾರ್ಡ್ ಮಾಡುವಾಗ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ, ಹೆಚ್ಚಾಗಿತ್ತು. ಅದನ್ನು ಮತ್ತೆ ಹಾಡಿಸುವುದೇ ಮೇಲು. ನಯವಾಗಿ ಹೋಗುತ್ತಿದ್ದ ಗೆರೆ ಒಂದು ಕಡೆ ಕಂಬದಂತೆ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಜಿಗಿದಿದ್ದು, ಅಲ್ಲೇ ಎರಡು ತುಣುಕುಗಳನ್ನು ಕತ್ತರಿಸಿ ಜೋಡಿಸಿದ್ದರೆ ಅದು ಕತ್ತರಿಯ ಗುರುತು. ಐದು ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಕೊಟ್ಟು ಒಂದು ತುಣುಕನ್ನು ಇನ್ನೊಂದರೊಳಗೆ ಕರಗಿಸಿದರೆ ಮಾಯವಾಗುತ್ತದೆ. ಗೆರೆ ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದು, ಒಂದಿಷ್ಟು ಮಲಗಿ, ಮತ್ತೆಲ್ಲಿಂದಲೋ ಎದ್ದಿದ್ದರೆ, ಅಥವಾ ಎರಡು ಬದಿಯ ಅಲೆಗಳು ಒಂದಕ್ಕೊಂದು ಕೂಡದಿದ್ದರೆ, ರೆಕಾರ್ಡ್ ಮಾಡುವಾಗಲೇ ಒಂದು ತುಣುಕು ಬಿದ್ದುಹೋಗಿದೆ. ಇದು ಎರಡನೆಯ ರೋಗ, ಮೊದಲನೆಯದರ ವೇಷದಲ್ಲಿ ಬಂದಿರುವುದು.

ಗೇನ್ ಬಗ್ಗೆ ಒಂದು ಮಾತು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮೀಟರ್ ಕೆಂಪನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ. ಜೋರಾದ ಜಾಗದಲ್ಲಿ ಸೊನ್ನೆಗಿಂತ 12 ಡೆಸಿಬೆಲ್ ಕೆಳಗಿದ್ದರೆ ಚೆನ್ನಾಗಿಯೇ ಇದೆ. ‘ಜೋರಾಗಿ ಹಿಡಿದರೆ ಧ್ವನಿ ದಪ್ಪ’ ಎಂಬುದು ಟೇಪಿನ ಕಾಲದ ನಂಬಿಕೆಯ ಬಾಲ. ಟೇಪ್ ಅತಿಯಾದುದನ್ನು ಮೃದುವಾಗಿ ಹಿಂಡುತ್ತಿತ್ತು. ಪರಿವರ್ತಕ ಹಾಗೆ ಹಿಂಡುವುದಿಲ್ಲ, ಕತ್ತರಿಸುತ್ತದೆ.

ಇನ್ನು ಎರಡನೆಯ ರೋಗ. ಮಣ್ಣಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುವ ಸಾಲನ್ನು ನೆನೆಸಿಕೊಳ್ಳಿ. ಡಿಎಡಬ್ಲ್ಯೂ ಒಂದು ಬುಟ್ಟಿ ತುಂಬಿಸಿ ಡ್ರೈವರಿಗೆ ಕೊಡುತ್ತದೆ. ಅದು ಖಾಲಿಯಾಗುವುದರೊಳಗೆ ಮುಂದಿನದು ಸಿದ್ಧವಾಗಿರಬೇಕು. ಬುಟ್ಟಿಯ ಗಾತ್ರವೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ವೇಗದಲ್ಲಿ 256ರ ಬಫರ್ ಎಂದರೆ ಪ್ರತಿ ಬುಟ್ಟಿಗೆ 5.3 ಮಿಲಿಸೆಕೆಂಡ್ ಗಡುವು. ಅಷ್ಟರೊಳಗೆ ಎಲ್ಲ ಟ್ರ್ಯಾಕ್‌ಗಳ ಎಲ್ಲ ಪ್ಲಗಿನ್‌ಗಳ ಲೆಕ್ಕ ಮುಗಿಯಬೇಕು. ಒಮ್ಮೆ ತಡವಾದರೆ ಒಂದು ಬುಟ್ಟಿ ಖಾಲಿ ಹೋಗುತ್ತದೆ. ಕಿವಿಗೆ ಅದೇ ‘ಚಟ್’.

ಬಫರನ್ನು 1024ಕ್ಕೆ ಏರಿಸಿ ನೋಡಿ. ಸದ್ದು ಹೋದರೆ ಬಹುಶಃ ಭಾರ ಹೆಚ್ಚಾಗಿದೆ ಎಂದರ್ಥ. ಹೋಗದಿದ್ದರೆ ಬಹುಶಃ ಭಾರದ ಪ್ರಶ್ನೆಯಲ್ಲ. ದಾರಿಯಲ್ಲಿ ಯಾರೋ ಅಡ್ಡ ನಿಂತಿದ್ದಾರೆ.

ಭಾರದ ವಿಷಯದಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ‘ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಶೇ. 30 ಮಾತ್ರ, ಆದರೂ ಚಟಪಟ’ ಎನ್ನುತ್ತಾರೆ. ಆ ಅಂಕಿ ಎಲ್ಲ ಕೋರ್‌ಗಳ ಸರಾಸರಿ. ಒಂದು ಟ್ರ್ಯಾಕ್‌ನ ಮೇಲೆ ಸಾಲಾಗಿ ಕೂತ ಪ್ಲಗಿನ್‌ಗಳಲ್ಲಿ ಎರಡನೆಯದು ಮೊದಲನೆಯದರ ಫಲಿತಾಂಶಕ್ಕೆ ಕಾಯಬೇಕು, ಮೂರನೆಯದು ಎರಡನೆಯದಕ್ಕೆ. ಈ ಸಾಲಿನ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಲು ಬರುವುದಿಲ್ಲ. ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಟ್ರ್ಯಾಕ್‌ನ ಮೇಲೆ ಏಳು ಭಾರಿ ಪ್ಲಗಿನ್‌ಗಳಿದ್ದರೆ, ಎಂಟು ಕೋರ್‌ಗಳಲ್ಲಿ ಒಂದು ಬೆವರು ಸುರಿಸುತ್ತಿರುತ್ತದೆ, ಉಳಿದ ಏಳು ನೆರಳಿನಲ್ಲಿ ಕೂತಿರುತ್ತವೆ. ನಂಬಬೇಕಾದದ್ದು ಡಿಎಡಬ್ಲ್ಯೂ ಒಳಗಿನ ಮೀಟರನ್ನು. ಅದರಲ್ಲಿಯೂ ಸರಾಸರಿಯನ್ನಲ್ಲ, ಗರಿಷ್ಠವನ್ನು.

ತಪ್ಪಿತಸ್ಥ ಪ್ಲಗಿನ್ ಹುಡುಕಲು ಒಂದೊಂದಾಗಿ ಬಂದ್ ಮಾಡುತ್ತಾ ಕೂರಬೇಡಿ. ಅರ್ಧದಷ್ಟನ್ನು ಒಮ್ಮೆಗೇ ಬಂದ್ ಮಾಡಿ. ಚಟಪಟ ನಿಂತರೆ ಕಳ್ಳ ಆ ಅರ್ಧದಲ್ಲಿದ್ದಾನೆ, ನಿಲ್ಲದಿದ್ದರೆ ಇನ್ನರ್ಧದಲ್ಲಿ. ಮತ್ತೆ ಅರ್ಧ ಮಾಡಿ. 32 ಪ್ಲಗಿನ್‌ಗಳಿದ್ದರೂ ಐದು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಧ್ವನಿ ಪ್ಲಗಿನ್ನನ್ನು ತಪ್ಪಿಸಿಕೊಂಡು ಹೋಗುವಂತೆ ಮಾಡುವ ಬೈಪಾಸ್ ಗುಂಡಿ ಒತ್ತಿದರೆ ಸಾಲದು. ಬೈಪಾಸ್‌ನಲ್ಲಿಯೂ ಲೆಕ್ಕ ಮಾಡುತ್ತಲೇ ಇರುವ ಪ್ಲಗಿನ್‌ಗಳಿವೆ. ರೀಪರ್ ಎಂಬ ಡಿಎಡಬ್ಲ್ಯೂನಲ್ಲಿ ‘ಆಫ್‌ಲೈನ್’ ಎಂಬ ಪ್ರತ್ಯೇಕ ಸ್ಥಿತಿ ಇರುವುದು ಇದಕ್ಕಾಗಿಯೇ. ಸಿಕ್ಕ ಮೇಲೆ ಅದನ್ನು ಕಿತ್ತೆಸೆಯಬೇಕೆಂದೇನೂ ಇಲ್ಲ. ಆ ಟ್ರ್ಯಾಕನ್ನು ಫ್ರೀಜ್ ಮಾಡಿದರೆ ಫಲಿತಾಂಶ ಆಡಿಯೋ ಫೈಲಾಗಿ ಕೂತು ಪ್ರೊಸೆಸರ್ ಹಗುರವಾಗುತ್ತದೆ.

ಭಾರವಲ್ಲದ ಚಟಪಟಕ್ಕೆ ನಾನು ನೋಡುವ ಕ್ರಮ ಹೀಗೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿದೆಯೇ, ವಿದ್ಯುತ್ ಉಳಿತಾಯದ ಸ್ಥಿತಿಯಲ್ಲಿದೆಯೇ? ಪ್ರೊಸೆಸರ್ ವೇಗ ತಗ್ಗಿಸಿಕೊಂಡು ನಿದ್ದೆಗೆ ಜಾರುತ್ತಿದ್ದರೆ ಗಡುವು ತಪ್ಪುವುದು ಖಚಿತ. ಇಂಟರ್‌ಫೇಸ್ ಹಬ್‌ನ ಮೂಲಕ ಹೋಗುತ್ತಿದೆಯೇ? ನೇರವಾಗಿ ಸಿಕ್ಕಿಸಿ. ವಿಂಡೋಸ್‌ನಲ್ಲಿ ವೈಫೈ ಬಂದ್ ಮಾಡಿ ಐದು ನಿಮಿಷ ನುಡಿಸಿ ನೋಡಿ. ನೆಟ್‌ವರ್ಕ್ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳು ಪ್ರೊಸೆಸರನ್ನು ತಾವೇ ಹಿಡಿದುಕೊಂಡು ಆಡಿಯೋವನ್ನು ಬಾಗಿಲಲ್ಲಿ ಕಾಯಿಸುವುದುಂಟು. ಯಾವ ಡ್ರೈವರ್ ಎಷ್ಟು ಹೊತ್ತು ಕಾಯಿಸಿತೆಂದು ‘ಲೇಟೆನ್ಸಿಮಾನ್’ ಎಂಬ ಸಣ್ಣ ತಂತ್ರಾಂಶ ಹೆಸರು ಸಮೇತ ತೋರಿಸುತ್ತದೆ. ವಾದ್ಯಗಳ ಸ್ಯಾಂಪಲ್ ಸಂಗ್ರಹಗಳು ನಿಧಾನದ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ದೂರು ಡಿಸ್ಕ್ ಮೀಟರ್‌ನಲ್ಲಿ ಕಾಣುತ್ತದೆ. ಅವುಗಳನ್ನು ಎಸ್‌ಎಸ್‌ಡಿಗೆ ಸಾಗಿಸಿ.

ಎರಡು ಡಿಜಿಟಲ್ ಉಪಕರಣಗಳನ್ನು ಆಪ್ಟಿಕಲ್ ಅಥವಾ ಎಸ್‌ಪಿಡಿಐಎಫ್ ಕೇಬಲ್‌ನಿಂದ ಜೋಡಿಸಿದವರಿಗೆ ಒಂದು ವಿಶೇಷ ಚಟ್ ಇದೆ: ಗಡಿಯಾರ ಇಟ್ಟು ಅಳೆದಂತೆ ಸಮ ಅಂತರದಲ್ಲಿ ಬರುತ್ತದೆ. ಎರಡೂ ತಮ್ಮ ತಮ್ಮ ಒಳಗಿನ ಗಡಿಯಾರವನ್ನು ನಂಬಿವೆ ಎಂದರ್ಥ. ಒಂದನ್ನು ಯಜಮಾನನಾಗಿಸಿ, ಇನ್ನೊಂದು ಅದರ ಗಡಿಯಾರವನ್ನು ಅನುಸರಿಸುವಂತೆ ಹೊಂದಿಸಿ.

ವಿಳಂಬ

ಹಾಡುತ್ತಿದ್ದೇನೆ, ನನ್ನ ದನಿ ನನಗೇ ತಡವಾಗಿ ಕೇಳುತ್ತಿದೆ. ಎಲ್ಲರಿಗೂ ಗೊತ್ತಿರುವ ಮದ್ದು ಬಫರ್ ಇಳಿಸುವುದು. ಅದು ನಿಜವೇ, ಆದರೆ ಅಳತೆ ಗೊತ್ತಿರಲಿ. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. 10 ಮಿಲಿಸೆಕೆಂಡ್ ವಿಳಂಬವೆಂದರೆ ಸ್ಪೀಕರಿನಿಂದ ಮೂರೂವರೆ ಮೀಟರ್ ದೂರ ನಿಂತು ಕೇಳಿದಂತೆ. ಗಿಟಾರ್ ನುಡಿಸುವವರು ವೇದಿಕೆಯ ಮೇಲೆ ಅಷ್ಟು ದೂರ ನಿಂತು ಎಂದೂ ದೂರಿದವರಲ್ಲ. ಹಾಡುವವರಿಗೆ ಮಾತ್ರ ಸಹನೆ ಕಡಿಮೆ. ತಮ್ಮ ದನಿಯನ್ನು ಅವರು ತಲೆಬುರುಡೆಯ ಮೂಲಕವೂ ಕೇಳಿಸಿಕೊಳ್ಳುತ್ತಾರೆ. ಹೆಡ್‌ಫೋನಿನ ತಡವಾದ ದನಿ ಅದರೊಡನೆ ಬೆರೆತು ಟೊಳ್ಳಾಗಿ, ಕೊಳವೆಯೊಳಗೆ ಹಾಡಿದಂತೆ ಕೇಳುತ್ತದೆ.

48,000ದಲ್ಲಿ 256 ಬಫರ್ ಇಟ್ಟರೆ ಒಳಬರಲು 5.3, ಹೊರಹೋಗಲು 5.3, ಜೊತೆಗೆ ಪರಿವರ್ತಕ ಮತ್ತು ಡ್ರೈವರ್ ತಮಗಾಗಿ ಇಟ್ಟುಕೊಳ್ಳುವ ಪಾಲು. 128ಕ್ಕೆ ಇಳಿಸಿದರೆ ಬಫರಿನ ಪಾಲು ಅರ್ಧವಾಗುತ್ತದೆ, ಉಳಿದದ್ದು ಹಾಗೆಯೇ ಇರುತ್ತದೆ. ಬಫರ್ 64ಕ್ಕೆ ಇಳಿದ ಮೇಲೂ ದನಿ ತಡವಾಗಿ ಕೇಳುತ್ತಿದ್ದರೆ ಬಫರನ್ನು ಬಿಟ್ಟು ಬೇರೆಡೆ ನೋಡಿ.

ವಿಂಡೋಸ್‌ನಲ್ಲಿ ಮೊದಲು ನೋಡಬೇಕಾದದ್ದು ಡ್ರೈವರ್. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ, ವಿಳಂಬ ತಗ್ಗಿಸುವ ಎಎಸ್‌ಐಒ ಪದ್ಧತಿಯ, ನಿಮ್ಮ ಇಂಟರ್‌ಫೇಸ್ ತಯಾರಕರೇ ಕೊಟ್ಟ ಡ್ರೈವರ್ ಆಯ್ಕೆಯಾಗಿರಬೇಕು. ‘ಎಎಸ್‌ಐಒ4ಆಲ್’ ಎಂಬುದು ವಿಂಡೋಸ್‌ನ ಸಾಮಾನ್ಯ ಡ್ರೈವರಿಗೆ ತೊಡಿಸಿದ ಅಂಗಿ. ತಯಾರಕರ ಡ್ರೈವರ್ ಇಲ್ಲದ ಉಪಕರಣಕ್ಕೆ ಅದು ಒಳ್ಳೆಯ ಆಸರೆ. ಇದ್ದಾಗ ಅದನ್ನು ಏಕೆ ಬಳಸಬೇಕು? ಮ್ಯಾಕ್‌ನಲ್ಲಿ ಕೋರ್ ಆಡಿಯೋ ಎಂಬ ಒಳಗಿನ ವ್ಯವಸ್ಥೆಯೇ ಇರುವುದರಿಂದ ಈ ತಲೆನೋವಿಲ್ಲ. ಲಿನಕ್ಸ್‌ನಲ್ಲಿ ಜ್ಯಾಕ್ ಅಥವಾ ಪೈಪ್‌ವೈರ್ ಎಂಬ ಆಡಿಯೋ ವ್ಯವಸ್ಥೆಯ ಬಫರನ್ನು ನೋಡಬೇಕು.

ಎರಡನೆಯದು ಬ್ಲೂಟೂತ್ ಹೆಡ್‌ಫೋನ್. ಅದರ ವಿಳಂಬ ಸಾಮಾನ್ಯವಾಗಿ ನೂರು, ಇನ್ನೂರು ಮಿಲಿಸೆಕೆಂಡ್. ಡಿಎಡಬ್ಲ್ಯೂ ಎಷ್ಟು ತಿಣುಕಿದರೂ ಅದನ್ನು ಕಡಿಮೆ ಮಾಡಲಾರದು. ಅದರ ಮೈಕನ್ನೂ ಬಳಸಹೋದರೆ ಹೆಡ್‌ಫೋನ್ ಫೋನ್ ಕರೆಯ ಸ್ಥಿತಿಗೆ ಇಳಿದು ಹಾಡೆಲ್ಲ ಡಬ್ಬದೊಳಗಿಂದ ಕೇಳಿದಂತಾಗುತ್ತದೆ. ವೈರ್ ಇರುವುದನ್ನೇ ಬಳಸಿ.

ಮೂರನೆಯದು ಮುಂದಾಗಿ ನೋಡುವ ಪ್ಲಗಿನ್‌ಗಳು. ಲಿಮಿಟರ್, ಲೀನಿಯರ್ ಫೇಸ್ ಈಕ್ವಲೈಜರ್ ಮುಂತಾದವು ಬರಲಿರುವ ಧ್ವನಿಯನ್ನು ಮೊದಲೇ ನೋಡಬೇಕು. ಅದಕ್ಕಾಗಿ ಎಲ್ಲವನ್ನೂ ತಡೆದು ನಿಲ್ಲಿಸುತ್ತವೆ. ಒಂದು ಪ್ಲಗಿನ್ ತನಗೆ 4096 ಸ್ಯಾಂಪಲ್ ಬೇಕೆಂದು ಹೇಳಿದರೆ 48,000ದಲ್ಲಿ ಅದು 85 ಮಿಲಿಸೆಕೆಂಡ್. ತಾಳ ತಪ್ಪಬಾರದೆಂದು ಡಿಎಡಬ್ಲ್ಯೂ ಉಳಿದ ಟ್ರ್ಯಾಕ್‌ಗಳನ್ನೂ ಅಷ್ಟೇ ತಡಮಾಡುತ್ತದೆ. ಮಾಸ್ಟರ್ ಮೇಲೆ ಇಂಥದ್ದೊಂದನ್ನು ಕೂರಿಸಿಕೊಂಡು ರೆಕಾರ್ಡ್ ಮಾಡಲು ಹೊರಡುವುದೆಂದರೆ ಪೂರ್ತಿ ಅಡುಗೆಯಾದ ಮೇಲೆ ತರಕಾರಿ ಹೆಚ್ಚಲು ಕುಳಿತಂತೆ. ರೆಕಾರ್ಡಿಂಗ್ ಮುಗಿಯುವವರೆಗೆ ಮಾಸ್ಟರ್ ಖಾಲಿ ಇರಲಿ.

ದನಿ ತಡವಾಗಿ ಅಲ್ಲ, ಎರಡೆರಡಾಗಿ ಕೇಳಿಸಿದರೆ ಅದು ದೋಷವೇ ಅಲ್ಲ. ಇಂಟರ್‌ಫೇಸ್‌ನ ನೇರ ಮಾನಿಟರ್ ಮತ್ತು ಡಿಎಡಬ್ಲ್ಯೂ ಮಾನಿಟರ್, ಅಂದರೆ ಹಾಡುತ್ತಿರುವ ದನಿಯನ್ನು ಕಿವಿಗೆ ಮುಟ್ಟಿಸುವ ಎರಡು ದಾರಿಗಳೂ ಚಾಲೂ ಇವೆ. ಒಂದನ್ನು ಬಂದ್ ಮಾಡಿ.

ಕೇಳುವಾಗ ಸರಿ, ರೆಕಾರ್ಡ್ ಆದ ಮೇಲೆ ತಾಳ ತಪ್ಪು

ಇದು ಮೇಲಿನ ವಿಳಂಬಕ್ಕಿಂತ ಬೇರೆ, ಹೆಚ್ಚು ಕಪಟಿ. ನೀವು ತಾಳ ತೋರಿಸುವ ಕ್ಲಿಕ್ ಸದ್ದಿಗೆ ಸರಿಯಾಗಿ ನುಡಿಸಿದ್ದೀರಿ. ತಿರುಗಿ ಕೇಳಿದರೆ ಪ್ರತಿ ಪೆಟ್ಟೂ ಕೂದಲೆಳೆಯಷ್ಟು ತಡ. ಡ್ರೈವರ್ ತನ್ನ ವಿಳಂಬವನ್ನು ಡಿಎಡಬ್ಲ್ಯೂಗೆ ಹೇಳುತ್ತದೆ, ಡಿಎಡಬ್ಲ್ಯೂ ಅಷ್ಟನ್ನು ಕಳೆದು ಫೈಲನ್ನು ಹಿಂದಕ್ಕೆ ಸರಿಸುತ್ತದೆ. ಡ್ರೈವರ್ ಹೇಳಿದ ಲೆಕ್ಕವೇ ತಪ್ಪಾಗಿದ್ದರೆ ಸರಿಸುವಿಕೆಯೂ ತಪ್ಪು. ನಾನು ತಿಂಗಳುಗಟ್ಟಲೆ ಪ್ರತಿ ಟೇಕನ್ನೂ ಕೈಯಿಂದ ಹಿಂದಕ್ಕೆಳೆದು ‘ನನ್ನ ಲಯವೇ ಸಡಿಲ’ ಎಂದು ಕೊರಗಿದ್ದೇನೆ. ಅರ್ಧ ಗಂಟೆಯ ಪರೀಕ್ಷೆಯೊಂದು ಆ ಕೊರಗನ್ನು ಕಳೆಯಿತು.

ಸ್ಪೀಕರ್ ಬಂದ್ ಮಾಡಿ, ಹೆಡ್‌ಫೋನ್ ಕಳಚಿಡಿ. ಇಂಟರ್‌ಫೇಸ್‌ನ ಒಂದು ಔಟ್‌ಪುಟ್‌ನಿಂದ ಅದರದೇ ಲೈನ್ ಇನ್‌ಪುಟ್‌ಗೆ ಕೇಬಲ್ ಹಾಕಿ. ಮೊದಲ ಟ್ರ್ಯಾಕ್‌ನಲ್ಲಿ ಚೂಪಾದ ಕ್ಲಿಕ್ ಸದ್ದುಗಳನ್ನು ಇಟ್ಟು ಅದನ್ನು ಆ ಔಟ್‌ಪುಟ್‌ಗೆ ಕಳಿಸಿ. ಎರಡನೆಯ ಟ್ರ್ಯಾಕ್ ಆ ಇನ್‌ಪುಟ್ಟನ್ನು ರೆಕಾರ್ಡ್ ಮಾಡಲಿ. ಅದರ ಮಾನಿಟರ್ ಆರಿರಲೇಬೇಕು, ಇಲ್ಲವಾದರೆ ಸದ್ದು ತನ್ನ ಬಾಲವನ್ನೇ ಕಚ್ಚಿ ಕಿರುಚುತ್ತದೆ. ರೆಕಾರ್ಡ್ ಮಾಡಿ. ಈಗ ಎರಡೂ ಟ್ರ್ಯಾಕ್‌ಗಳ ಒಂದೇ ಕ್ಲಿಕ್‌ನ ಮೇಲೆ ಹಿಗ್ಗಿಸಿ. ಮೇಲಿನ ಕ್ಲಿಕ್ ಏಳುವ ಮೊದಲ ಚುಕ್ಕೆಯಿಂದ ಕೆಳಗಿನದು ಏಳುವ ಮೊದಲ ಚುಕ್ಕೆಯವರೆಗೆ ಆಯ್ದುಕೊಂಡು ಸ್ಯಾಂಪಲ್ ಎಣಿಕೆ ಓದಿ. ಉದಾಹರಣೆಗೆ 48,000ದಲ್ಲಿ 96 ಸ್ಯಾಂಪಲ್ ತಡ ಎಂದರೆ 2 ಮಿಲಿಸೆಕೆಂಡ್. ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್ ಆಫ್‌ಸೆಟ್ ಎಂಬ ಜಾಗದಲ್ಲಿ ಈ ಅಂಕಿಯನ್ನು ತುಂಬಿ, ಮತ್ತೊಮ್ಮೆ ರೆಕಾರ್ಡ್ ಮಾಡಿ. ವ್ಯತ್ಯಾಸ ಸೊನ್ನೆಯ ಆಸುಪಾಸಿಗೆ ಬರಬೇಕು. ಇಮ್ಮಡಿಯಾಗಿದ್ದರೆ ಕಳೆಯುವ ಬದಲು ಕೂಡಿಸಿದ್ದೀರಿ, ಚಿಹ್ನೆ ಬದಲಿಸಿ. ಬಫರ್ ಬದಲಿಸಿ ಇನ್ನೊಮ್ಮೆ ಅಳೆಯಿರಿ. ಅಂಕಿ ಒಂದೇ ಆಗಿದ್ದರೆ ಈ ತಿದ್ದುಪಡಿಯನ್ನು ನಂಬಿ ಕೂರಬಹುದು.

ಹಾಡು ಭಾರವಾಗಿ, ನಿಧಾನವಾಗಿ ಕೇಳುತ್ತಿದೆ

ನಾಲ್ಕು ನಿಮಿಷದ ಹಾಡು ನಾಲ್ಕು ನಿಮಿಷ ಇಪ್ಪತ್ತೊಂದು ಸೆಕೆಂಡ್ ಆಗಿದ್ದು, ಶ್ರುತಿ ಒಂದೂವರೆ ಸೆಮಿಟೋನ್‌ನಷ್ಟು ಇಳಿದಿದ್ದರೆ ಬೇರೆ ಪರೀಕ್ಷೆ ಬೇಡ. 48,000ದಲ್ಲಿ ರೆಕಾರ್ಡ್ ಮಾಡಿದ್ದು 44,100ರ ವೇಗದಲ್ಲಿ ಓಡುತ್ತಿದೆ. ತಿರುವುಮುರುವಾದರೆ ಹಾಡು ಮೂರು ನಿಮಿಷ ನಲವತ್ತು ಸೆಕೆಂಡಿಗೆ ಕುಗ್ಗಿ, ಗಾಯಕರು ಹೀಲಿಯಂ ಕುಡಿದಂತೆ ಕೇಳುತ್ತದೆ. ಪ್ರಾಜೆಕ್ಟ್, ಇಂಟರ್‌ಫೇಸ್, ಫೈಲ್ ಮೂರರ ಸ್ಯಾಂಪಲ್ ರೇಟನ್ನೂ ಓದಿ ನೋಡಿ. ಮೂರರಲ್ಲಿ ಒಂದು ಬೇರೆ ಇದ್ದೇ ಇರುತ್ತದೆ. ಬ್ರೌಸರ್ ಅಥವಾ ಇನ್ನಾವುದೋ ತಂತ್ರಾಂಶ ನಡುವೆ ಇಂಟರ್‌ಫೇಸ್‌ನ ವೇಗವನ್ನು ಬದಲಿಸಿರುವುದೂ ಉಂಟು. ವಿಡಿಯೋ ಕೆಲಸಕ್ಕೆ 48,000, ಸಿಡಿಗೆ 44,100 ಎಂಬುದು ರೂಢಿ. ಈ 44,100 ಎಂಬ ವಿಚಿತ್ರ ಸಂಖ್ಯೆ ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನ ಗೆರೆಗಳೊಳಗೆ ತುಂಬಿಸಿಡುತ್ತಿದ್ದ ಕಾಲದಿಂದ ಬಂದದ್ದು. 1982ರಲ್ಲಿ ಸಿಡಿ ಬಂದಾಗ ಅದೇ ಉಳಿದುಕೊಂಡಿತು. ನಮ್ಮ ಅರ್ಧ ಗೊಂದಲಕ್ಕೆ ಆ ಟೇಪೇ ಮೂಲ.

ಸದ್ದೇ ಇಲ್ಲ

ಮೀಟರ್‌ಗಳನ್ನು ದಾರಿಯುದ್ದಕ್ಕೂ ಓದಿ. ಇಂಟರ್‌ಫೇಸ್‌ನ ದೀಪ ಮಿನುಗದಿದ್ದರೆ ದೋಷ ಮೈಕ್, ಕೇಬಲ್ ಅಥವಾ ಗೇನ್‌ನಲ್ಲಿದೆ. ಕಂಡೆನ್ಸರ್ ಮೈಕ್ ಆಗಿದ್ದರೆ 48 ವೋಲ್ಟ್ ಫ್ಯಾಂಟಮ್ ಪವರ್ ಹಾಕಿದ್ದೀರಾ ನೋಡಿ. ದೀಪ ಮಿನುಗಿ ಟ್ರ್ಯಾಕ್‌ನ ಮೀಟರ್ ಸತ್ತಿದ್ದರೆ ಇನ್‌ಪುಟ್ ಸಂಖ್ಯೆ ತಪ್ಪಿರಬಹುದು, ಇಲ್ಲವೇ ಕಾರ್ಯಾಚರಣಾ ವ್ಯವಸ್ಥೆ ಮೈಕ್ ಬಳಸಲು ಅನುಮತಿ ಕೊಟ್ಟಿಲ್ಲ. 2018ರ ಮೊಹಾವಿ ಆವೃತ್ತಿಯಿಂದ ಮ್ಯಾಕ್ ಈ ಅನುಮತಿಯನ್ನು ಕೇಳುತ್ತದೆ. ಆ ಪುಟ್ಟ ಕಿಟಕಿಗೆ ಅವಸರದಲ್ಲಿ ‘ಬೇಡ’ ಎಂದು ಒತ್ತಿದ್ದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತಲೇ ನೇರ ಗೆರೆಯೊಂದು ರೆಕಾರ್ಡ್ ಆಗುತ್ತದೆ. ವಿಂಡೋಸ್‌ನ ಗೌಪ್ಯತೆಯ ಸೆಟ್ಟಿಂಗ್‌ನಲ್ಲಿಯೂ ಇಂಥದ್ದೇ ಗುಂಡಿ ಇದೆ. ಟ್ರ್ಯಾಕ್ ಮೀಟರ್ ಕುಣಿದು ಮಾಸ್ಟರ್ ಸುಮ್ಮನಿದ್ದರೆ ಎಲ್ಲೋ ಒಂದು ಟ್ರ್ಯಾಕ್‌ನ ಸೋಲೋ ಗುಂಡಿ (ಅದೊಂದನ್ನೇ ಕೇಳಿಸುವುದು) ಒತ್ತಿಕೊಂಡಿರಬಹುದು. ಮಾಸ್ಟರ್ ಕೂಡ ಕುಣಿಯುತ್ತಿದ್ದರೆ ಔಟ್‌ಪುಟ್ ಬೇರೆ ಉಪಕರಣಕ್ಕೆ ಹೋಗುತ್ತಿದೆ. ದನಿ ಎಡಗಿವಿಯಲ್ಲಿ ಮಾತ್ರ ಕೇಳಿದರೆ ಒಂದೇ ಮೈಕನ್ನು ಸ್ಟೀರಿಯೋ ಟ್ರ್ಯಾಕ್‌ಗೆ ಕೊಟ್ಟಿದ್ದೀರಿ, ಮೋನೋ ಮಾಡಿ.

ಪ್ಲಗಿನ್ ಕಾಣುತ್ತಿಲ್ಲ, ಪ್ರಾಜೆಕ್ಟ್ ತೆರೆಯುತ್ತಿಲ್ಲ

ಪ್ಲಗಿನ್ ಇನ್‌ಸ್ಟಾಲ್ ಆಗಿದೆ, ಪಟ್ಟಿಯಲ್ಲಿ ಹೆಸರಿಲ್ಲ. ಅದರ ಭಾಷೆ, ಅಂದರೆ ಪ್ಲಗಿನ್ ಮಾದರಿ, ಡಿಎಡಬ್ಲ್ಯೂಗೆ ಹೊಂದುತ್ತಿಲ್ಲ. ಡಿಎಡಬ್ಲ್ಯೂಗಳಲ್ಲಿ ಲಾಜಿಕ್ ಪ್ರೊ ಎಯು ಮಾದರಿಯ ಪ್ಲಗಿನ್‌ಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ, ಪ್ರೊ ಟೂಲ್ಸ್ ಎಎಎಕ್ಸ್ ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ವಿಎಸ್‌ಟಿ3 ಬಳಸುತ್ತವೆ; 2022ರಲ್ಲಿ ಬಂದ ಕ್ಲ್ಯಾಪ್ ಎಂಬ ಮುಕ್ತ ಮಾದರಿಯನ್ನು ಬಿಟ್‌ವಿಗ್, ರೀಪರ್ ಮುಂತಾದವು ಒಪ್ಪುತ್ತವೆ. ಹಳೆಯ ವಿಎಸ್‌ಟಿ2 ತಯಾರಿಸಲು ಹೊಸಬರಿಗೆ ಪರವಾನಗಿ ಕೊಡುವುದನ್ನು ಸ್ಟೈನ್‌ಬರ್ಗ್ 2018ರಲ್ಲಿಯೇ ನಿಲ್ಲಿಸಿದೆ. 32 ಬಿಟ್ ಪ್ಲಗಿನ್‌ಗಳು 2019ರ ಕ್ಯಾಟಲಿನಾದಿಂದ ಈಚೆಗಿನ ಮ್ಯಾಕ್‌ಗಳಲ್ಲಿ ಓಡುವುದಿಲ್ಲ. ಇಂಟೆಲ್‌ಗಾಗಿ ಬರೆದ ಪ್ಲಗಿನ್ ಆಪಲ್‌ನ ಸ್ವಂತ ಚಿಪ್‌ನ ಮ್ಯಾಕ್‌ನಲ್ಲಿ ಕಾಣದಿದ್ದರೆ, ಅನುವಾದಕನಾದ ರೊಸೆಟ್ಟಾದ ನೆರವು ಅದಕ್ಕೆ ಸಿಕ್ಕಿಲ್ಲವೆಂದು ತಿಳಿಯಿರಿ.

ಪ್ರಾಜೆಕ್ಟ್ ತೆರೆಯುವಾಗ ಕುಸಿದು ಬೀಳುತ್ತಿದ್ದರೆ ಪ್ಲಗಿನ್‌ಗಳಿಲ್ಲದೆ ತೆರೆಯುವ ಸುರಕ್ಷಿತ ಸ್ಥಿತಿ ನಿಮ್ಮ ಡಿಎಡಬ್ಲ್ಯೂನಲ್ಲಿ ಇದೆಯೇ ಹುಡುಕಿ. ಇಲ್ಲವಾದರೆ ಪ್ಲಗಿನ್ ಫೋಲ್ಡರಿನ ಹೆಸರನ್ನೇ ತಾತ್ಕಾಲಿಕವಾಗಿ ಬದಲಿಸಿ ತೆರೆಯಿರಿ. ತೆರೆದರೆ ಮತ್ತದೇ ಅರ್ಧರ್ಧದ ಆಟ.

ದೋಷದಂತೆ ಕಾಣುವ ನಿಯಮವೂ ಒಂದಿದೆ. ಎಫ್‌ಎಲ್ ಸ್ಟುಡಿಯೋದ ಪ್ರಯೋಗ ಆವೃತ್ತಿಯಲ್ಲಿ ಪ್ರಾಜೆಕ್ಟ್ ಉಳಿಸಬಹುದು, ಆದರೆ ಅದನ್ನು ಮತ್ತೆ ಇದ್ದಂತೆಯೇ ತೆರೆಯಲು ಖರೀದಿಸಬೇಕು. ‘ನಿನ್ನೆಯ ಕೆಲಸ ಹಾಳಾಯಿತು’ ಎಂದು ಅಳುವ ಮೊದಲು ಇದನ್ನು ನೋಡಿಕೊಳ್ಳಿ. ಏನೂ ಕಳೆದಿಲ್ಲ, ಬೀಗ ಬಿದ್ದಿದೆ ಅಷ್ಟೇ.

‘ಆ ಸಾಫ್ಟ್‌ವೇರ್‌ನಲ್ಲಿ ಧ್ವನಿಯೇ ಚೆನ್ನ’

ಈ ದೂರನ್ನು ವಾದದಿಂದ ಗೆಲ್ಲಲಾಗುವುದಿಲ್ಲ, ಪರೀಕ್ಷೆಯಿಂದ ಆಗುತ್ತದೆ. ಅದೇ ನಾಲ್ಕು ಫೈಲ್‌ಗಳನ್ನು ಎರಡೂ ಡಿಎಡಬ್ಲ್ಯೂಗಳಲ್ಲಿ ಇಟ್ಟು, ಯಾವ ಪ್ಲಗಿನ್ನೂ ಇಲ್ಲದೆ, ಅದೇ ಮಟ್ಟದಲ್ಲಿ, ಅದೇ ಸ್ಯಾಂಪಲ್ ರೇಟ್‌ನಲ್ಲಿ ರೆಂಡರ್ ಮಾಡಿ. ಎರಡು ಫಲಿತಾಂಶಗಳನ್ನೂ ಒಂದೇ ಪ್ರಾಜೆಕ್ಟ್‌ನಲ್ಲಿ ಮೊದಲ ಸ್ಯಾಂಪಲ್‌ಗೆ ಸರಿಯಾಗಿ ಜೋಡಿಸಿ, ಒಂದರ ಪೊಲಾರಿಟಿ ತಿರುಗಿಸಿ ಒಟ್ಟಿಗೆ ನುಡಿಸಿ. ಒಂದು ಏರಿದಲ್ಲಿ ಇನ್ನೊಂದು ಇಳಿಯುತ್ತದೆ. ಎರಡೂ ಒಂದೇ ಆಗಿದ್ದರೆ ಉಳಿಯುವುದು ಮೌನ. ನಾನು ಮೊದಲ ಸಲ ಮಾಡಿದಾಗ ಮೌನ ಬರಲಿಲ್ಲ, ಇಡೀ ಹಾಡು ಮೆಲ್ಲಗೆ ಕೇಳುತ್ತಿತ್ತು. ‘ನೋಡಿ, ವ್ಯತ್ಯಾಸ ಇದೆ’ ಎಂದು ಕುಣಿದೆ. ಆಮೇಲೆ ತಿಳಿಯಿತು, ಒಂದು ತಂತ್ರಾಂಶ ನಡುವಿಗಿಟ್ಟ ಮೋನೋ ಟ್ರ್ಯಾಕನ್ನು 3 ಡೆಸಿಬೆಲ್ ತಗ್ಗಿಸುತ್ತಿತ್ತು, ಇನ್ನೊಂದು ತಗ್ಗಿಸುತ್ತಿರಲಿಲ್ಲ. ಪ್ಯಾನ್ ಲಾ ಎಂಬ ಆ ಸೆಟ್ಟಿಂಗನ್ನು ಒಂದೇ ಮಾಡಿದ ಮೇಲೆ ಮೀಟರ್ ತಳ ಕಂಡಿತು. ಜೋರಾಗಿ ಕೇಳುವುದನ್ನು ಚೆನ್ನಾಗಿದೆ ಎಂದುಕೊಳ್ಳುವುದು ಕಿವಿಯ ಹಳೆಯ ಚಾಳಿ.

ಹಾಗಾದರೆ ಬದಲಿಸುವುದು ಯಾವಾಗ?

ಮೇಲಿನ ಎಲ್ಲವನ್ನೂ ದಾಟಿ ಉಳಿಯುವ ಕಾರಣಗಳು ಕೆಲವೇ, ಆದರೆ ಗಟ್ಟಿಯಾದವು. ನಿಮಗೆ ಬೇಕಾದ ಪ್ಲಗಿನ್ ಮಾದರಿಯನ್ನು ಅದು ಒಪ್ಪುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಅದು ಓಡುವುದೇ ಇಲ್ಲ: ಲಾಜಿಕ್ ಪ್ರೊ ಮ್ಯಾಕ್ ಮತ್ತು ಐಪ್ಯಾಡ್ ಬಿಟ್ಟು ಹೊರಗೆ ಬರುವುದಿಲ್ಲ, ಲಿನಕ್ಸ್‌ನವರಿಗೆ ಆರ್ಡರ್ (Ardour), ರೀಪರ್, ಬಿಟ್‌ವಿಗ್ ಇವೆ. ಅಥವಾ ನಿಮ್ಮ ಕೆಲಸದ ಸ್ವಭಾವವೇ ಬೇರೆ. ಲೂಪ್‌ಗಳನ್ನು ವೇದಿಕೆಯ ಮೇಲೆ ನಿಂತಲ್ಲೇ ಹೆಣೆಯುವವರಿಗೆ ಏಬಲ್ಟನ್ ಲೈವ್‌ನ ಸೆಷನ್ ನೋಟ ಒಗ್ಗುತ್ತದೆ. ಬೇರೆ ಸ್ಟುಡಿಯೋಗಳೊಡನೆ ಪ್ರಾಜೆಕ್ಟ್ ಹಂಚಿಕೊಳ್ಳಬೇಕಾದವರು ಅಲ್ಲಿ ಪ್ರೊ ಟೂಲ್ಸ್ ಇದ್ದರೆ ಅದನ್ನೇ ಹಿಡಿಯುವುದು ಜಾಣತನ. ಆಡಾಸಿಟಿ ಧ್ವನಿ ಕತ್ತರಿಸಿ ಜೋಡಿಸಲು ಒಳ್ಳೆಯ ಆಯುಧ; ಮಿಡಿ (ಧ್ವನಿಯಲ್ಲ, ಯಾವ ಸ್ವರ ಯಾವಾಗ ಎಂಬ ಸೂಚನೆ) ಸ್ವರಗಳನ್ನು ಜೋಡಿಸಿ ವಾದ್ಯಮೇಳ ಕಟ್ಟಲು ಹೊರಟವರು ಅದರೊಡನೆ ಗುದ್ದಾಡಬಾರದು.

ಪ್ರಯೋಗ ಆವೃತ್ತಿಯನ್ನು ಅದರ ಜೊತೆ ಬಂದ ಡೆಮೊ ಹಾಡಿನಿಂದ ಅಳೆಯಬೇಡಿ, ಆ ಹಾಡು ಚೆನ್ನಾಗಿ ಕಾಣಲೆಂದೇ ಮಾಡಿದ್ದು. ರೀಪರ್ 60 ದಿನ ಯಾವ ಕಡಿತವೂ ಇಲ್ಲದೆ ಕೊಡುತ್ತದೆ. ಅಂಥ ಅವಧಿಯಲ್ಲಿ ನಿಮ್ಮದೇ ಅತಿ ಭಾರದ ಪ್ರಾಜೆಕ್ಟನ್ನು ಅದರಲ್ಲಿ ಕಟ್ಟಿ, 128 ಬಫರ್‌ನಲ್ಲಿ ರೆಕಾರ್ಡ್ ಮಾಡಿ, ಮೇಲೆ ಹೇಳಿದ ಕೇಬಲ್ ಪರೀಕ್ಷೆ ಮಾಡಿ, ಮುಚ್ಚಿ ಮತ್ತೆ ತೆರೆಯಿರಿ.

ಸಾಗಿಸುವಾಗ ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಬಾರ್‌ನಿಂದಲೇ, ಅಲ್ಲಿ ಬರೀ ಮೌನವಿದ್ದರೂ, ಒಂದೇ ಉದ್ದದ ಫೈಲಾಗಿ ರೆಂಡರ್ ಮಾಡಿ. ಮಾಸ್ಟರ್ ಪ್ಲಗಿನ್‌ಗಳು ಆರಿರಲಿ. ಮಿಡಿ ಭಾಗಗಳನ್ನು ಪ್ರತ್ಯೇಕವಾಗಿ ಉಳಿಸಿ, ಟೆಂಪೋ ಬರೆದಿಡಿ. ಬಿಟ್‌ವಿಗ್ ಮತ್ತು ಪ್ರಿಸೋನಸ್ ಕಂಪನಿಗಳು 2023ರಲ್ಲಿ ತಂದ ‘ಡಿಎಡಬ್ಲ್ಯೂ ಪ್ರಾಜೆಕ್ಟ್’ ಎಂಬ ಫೈಲ್ ಮಾದರಿಯನ್ನು ಎರಡೂ ಕಡೆಯವರು ಒಪ್ಪಿದರೆ ಈ ಕೂಲಿಯ ಬಹುಪಾಲು ತಪ್ಪುತ್ತದೆ. ಹೊಸ ಮನೆಯಲ್ಲಿ ಎಲ್ಲವನ್ನೂ ಜೋಡಿಸಿದ ಮೇಲೆ, ಮಾಸ್ಟರ್ ಪ್ಲಗಿನ್‌ಗಳಿಲ್ಲದೆಯೇ ರೆಂಡರ್ ಮಾಡಿದ ಹಳೆಯ ಮಿಕ್ಸನ್ನು ಪೊಲಾರಿಟಿ ತಿರುಗಿಸಿ ಅದರ ಪಕ್ಕಕ್ಕಿಡಿ. ಯಾವುದೋ ಒಂದು ವಾದ್ಯ ಮಾತ್ರ ಮೆಲ್ಲಗೆ ಕೇಳುತ್ತಿದ್ದರೆ ಆ ಟ್ರ್ಯಾಕ್ ಸರಿಯಾಗಿ ಬಂದಿಲ್ಲ. ಮೌನವೇ ಬಂದರೆ ಹಳೆಯ ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ಸಾಗಿಸಿ. ಅಳಿಸಬೇಡಿ.